ರಿಟೈರಾದ ಮೇಲೆ ಮಲೆನಾಡಿನ ಒಂಟಿಮನೆ: ಹೋಗುವ ಮುಂಚೆ ಹಾಕಬೇಕಾದ ಲೆಕ್ಕ

ತಿಂಗಳಿಗೆ ಒಬ್ಬರಾದರೂ ಫೋನ್ ಮಾಡುತ್ತಾರೆ. ಬೆಂಗಳೂರಿನವರು, ವಯಸ್ಸು 57–58, ರಿಟೈರ್ ಆಗಲು ಎರಡು ವರ್ಷ ಬಾಕಿ, ಅಕ್ಟೋಬರ್ ರಜೆಯಲ್ಲಿ ಈ ಕಡೆಯ ಹೋಂಸ್ಟೇಗೆ ಬಂದು ಮೂರು ದಿನ ಇದ್ದು ಮನಸ್ಸನ್ನು ಇಲ್ಲೇ ಬಿಟ್ಟು ಹೋದವರು. ಮೊದಲ ಪ್ರಶ್ನೆ, ಎಕರೆಗೆ ಎಷ್ಟು ನಡೀತಿದೆ. ಎರಡನೆಯದು, ನೀರು ಹೇಗಿದೆ. ಮೂರನೆಯದು, ನೆಟ್‌ವರ್ಕ್ ಬರುತ್ತಾ. ನಗುವ ಹಾಗಿಲ್ಲ, ಏಳು ವರ್ಷದ ಹಿಂದೆ ನಾನೂ ಇವೇ ಮೂರು ಪ್ರಶ್ನೆ ಕೇಳಿದ್ದೆ. ಆಗ ನನಗೆ 61. ಬ್ಯಾಂಕ್ ಕೆಲಸ ಮುಗಿದಿತ್ತು, ಮಗಳು ಹೊರದೇಶದಲ್ಲಿದ್ದಳು. ನಾನೂ ನನ್ನ ಹೆಂಡತಿಯೂ ಗಂಟುಮೂಟೆ ಕಟ್ಟಿಕೊಂಡು ತೀರ್ಥಹಳ್ಳಿ ತಾಲ್ಲೂಕಿನ ಒಂದು ಮೂಲೆಗೆ ಬಂದು ಸೇರಿಕೊಂಡೆವು.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಜುಲೈ ತಿಂಗಳ ರಾತ್ರಿ ಎರಡು ಗಂಟೆಗೆ ಕರೆದರೆ ಯಾರು ಬರುತ್ತಾರೆ? ಗಾಳಿ, ನೀರು, ಎಕರೆ ರೇಟು ಎಲ್ಲ ಆಮೇಲೆ. ವಯಸ್ಸಾದ ಮೇಲೆ ದೂರದ ಹಳ್ಳಿಯಲ್ಲಿ ಬದುಕಲು ಆಗುತ್ತದಾ ಇಲ್ಲವಾ ಅನ್ನುವುದು ಇದರ ಉತ್ತರದ ಮೇಲೆ ನಿಂತಿದೆ.

ಕೂಗಳತೆ

ಬಯಲುಸೀಮೆಯ ಹಳ್ಳಿಯಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಗೋಡೆಯ ಆಚೆ ಕೆಮ್ಮಿದರೆ ಈಚೆ ಕೇಳುತ್ತದೆ. ಮಲೆನಾಡಿನಲ್ಲಿ ತೋಟ ಎಲ್ಲಿದೆಯೋ ಅಲ್ಲಿ ಮನೆ. ತೋಟ ಇರುವುದು ಎರಡು ಗುಡ್ಡಗಳ ನಡುವೆ, ನೀರಿನ ಪಸೆ ಇರುವ ಕಡೆ. ಹಾಗಾಗಿ ಒಂದು ಕಣಿವೆಗೆ ಒಂದೋ ಎರಡೋ ಮನೆ, ನಡುವೆ ಗುಡ್ಡ, ಕಾಡು, ಹಳ್ಳ. ಪಂಚಾಯ್ತಿ ಪುಸ್ತಕದಲ್ಲಿ ಎಲ್ಲ ಸೇರಿ ಒಂದೇ ಊರು. ನಡೆದು ನೋಡಿದರೆ ಊರಿನ ಈ ತುದಿಯಿಂದ ಆ ತುದಿಗೆ ನಾಲ್ಕೈದು ಕಿಲೋಮೀಟರ್.

ಹಿಂದಿನವರು ದೂರ ಹೇಳುತ್ತಿದ್ದದ್ದು ಕೂಗಳತೆಯಲ್ಲಿ. ಕೂಗಿದರೆ ಕೇಳಿಸುವಷ್ಟು ದೂರ. ಬೇಸಿಗೆಯಲ್ಲಿ ನಮ್ಮ ಪಕ್ಕದ ಮನೆ ಕೂಗಳತೆಯಲ್ಲೇ ಇದೆ. ಮಳೆಗಾಲದಲ್ಲಿ ಇಲ್ಲ. ಹೆಂಚಿನ ಮೇಲೆ ಮಳೆ ಹೊಡೆಯುವಾಗ ಅಡುಗೆಮನೆಯಿಂದ ಜಗಲಿಯಲ್ಲಿ ಕೂತವರನ್ನು ಕರೆದರೂ ಕೇಳುವುದಿಲ್ಲ. ನಮ್ಮ ತಾಲ್ಲೂಕಿನದೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ಬೆಂಗಳೂರಿಗೆ ಬೀಳುವುದು ಸುಮಾರು 970. ಅಂದರೆ ಏಳು ವರ್ಷದ ಬೆಂಗಳೂರು ಮಳೆಯನ್ನು ಒಂದೇ ವರ್ಷದಲ್ಲಿ, ಅದರಲ್ಲೂ ಹೆಚ್ಚಿನ ಪಾಲನ್ನು ನಾಲ್ಕು ತಿಂಗಳಲ್ಲಿ ಸುರಿದ ಹಾಗೆ. ಅಕ್ಟೋಬರ್‌ನಲ್ಲಿ ಬಂದು ಜಾಗ ನೋಡಿ ಒಪ್ಪುವವರಿಗೆ ಇದು ಅಂದಾಜಿಗೆ ಸಿಗುವುದಿಲ್ಲ.

ಒಳ್ಳೆಯದು ನಿಜಕ್ಕೂ ಒಳ್ಳೆಯದೇ

ಹೆದರಿಸುವುದು ನನ್ನ ಉದ್ದೇಶ ಅಲ್ಲ. ಏಳು ವರ್ಷ ಸುಮ್ನೆ ಇದ್ದೇವಾ?

ನಿದ್ದೆ ಬರುತ್ತದೆ. ಇದನ್ನು ಬರೆಯುವುದು ಸುಲಭ, ಇಪ್ಪತ್ತೈದು ವರ್ಷ ರಿಂಗ್ ರೋಡಿನ ಪಕ್ಕ ಮಲಗಿದವನಿಗೆ ಇದರ ಬೆಲೆ ಗೊತ್ತು. ಊಟ ರುಚಿಸುತ್ತದೆ, ಯಾಕಂದರೆ ಹಸಿವಾಗಿರುತ್ತದೆ. ಹಸಿವಾಗುವುದು ಯಾಕಂದರೆ ಬೆಳಗ್ಗೆಯಿಂದ ಏನಾದರೂ ಒಂದು ಕೆಲಸ ಇದ್ದೇ ಇರುತ್ತದೆ. ನಮ್ಮ ಮನೆಗೆ ಗುಡ್ಡದ ಮೇಲಿನ ಅಬ್ಬಿಯಿಂದ ಪೈಪಿನಲ್ಲಿ ನೀರು ತಾನಾಗಿ ಇಳಿದು ಬರುತ್ತದೆ. ಮೋಟಾರಿಲ್ಲ, ಬಿಲ್ಲಿಲ್ಲ. ಆದರೆ ಪೈಪಿನ ಬಾಯಿಗೆ ಎಲೆ ಕಟ್ಟಿಕೊಳ್ಳುತ್ತದೆ, ಕೆಲವು ಸಲ ಏಡಿ ಹೋಗಿ ಕೂತಿರುತ್ತದೆ. ಬಚ್ಚಲಿನ ನಲ್ಲಿ ಕೆಮ್ಮಲು ಶುರು ಮಾಡಿದರೆ ಕತ್ತಿ ಹಿಡಿದು ಗುಡ್ಡ ಹತ್ತಬೇಕು. ಹತ್ತಿ, ಬಗ್ಗಿ, ಕೈ ಹಾಕಿ ತೆಗೆದು, ಇಳಿದು ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಬೆಂಗಳೂರಿನ ಪಾರ್ಕಿನಲ್ಲಿ ಎಂಟು ಸುತ್ತು ಹಾಕಿ ಬೇಜಾರಾಗುತ್ತಿದ್ದ ಅದೇ ಮೊಣಕಾಲು ಇಲ್ಲಿ ದೂರು ಹೇಳುವುದು ಕಡಿಮೆ. ಗಮನ ಬೇರೆ ಕಡೆ ಇರುತ್ತದೆ, ಬಹುಶಃ ಅಷ್ಟೇ.

ಇನ್ನೊಂದು ವಿಷಯ ಇದೆ, ಅದು ನನಗೆ ಬಂದ ಮೇಲೇ ಗೊತ್ತಾಗಿದ್ದು. ಅಪಾರ್ಟ್‌ಮೆಂಟಿನಲ್ಲಿ ನಾನು '304ರ ಅಂಕಲ್' ಆಗಿದ್ದೆ. ರಿಟೈರಾದ ಮರುದಿನದಿಂದ ನನ್ನ ಹತ್ತಿರ ಯಾರಿಗೂ ಏನೂ ಬೇಕಿರಲಿಲ್ಲ. ಇಲ್ಲಿಗೆ ಬಂದು ಎರಡು ತಿಂಗಳಿಗೆ ಒಬ್ಬರು ಬೆಳೆಸಾಲದ ಕಾಗದ ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದರು. 'ಬ್ಯಾಂಕಿನೋರು ನೀವೇ ಅಲ್ವಾ?' ಅಂದರು. ಅವತ್ತು ಆದ ಖುಷಿಯನ್ನು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಹಳ್ಳಿಯಲ್ಲಿ ಕೈ ಕಡಿಮೆ, ಹಾಗಾಗಿ ಪ್ರತಿ ಕೈಗೂ ಬೆಲೆ ಇದೆ. ಮಕ್ಕಳೆಲ್ಲ ಬೆಂಗಳೂರು ಸೇರಿ ಊರಿಗೆ ಊರೇ ವಯಸ್ಸಾಗಿ ಕೂತಿದೆ. 61ರ ನಾನು ಬಂದಾಗ ಊರಿನ 'ಹುಡುಗರ' ಪಟ್ಟಿಯಲ್ಲಿ ಸೇರಿಸಿಕೊಂಡರು, ತಮಾಷೆಗಲ್ಲ.

ಆಸ್ಪತ್ರೆಯ ದೂರವನ್ನು ಗಡಿಯಾರದಲ್ಲಿ ಅಳೆಯಬೇಕು

'ಆಸ್ಪತ್ರೆ ಎಷ್ಟು ದೂರ?' ಅಂದರೆ ಎಲ್ಲರೂ ಕಿಲೋಮೀಟರ್ ಹೇಳುತ್ತಾರೆ. ಅದು ಉಪಯೋಗಕ್ಕೆ ಬಾರದ ಲೆಕ್ಕ. ಯಾವ ಕಾಯಿಲೆಗೆ ಯಾವ ಆಸ್ಪತ್ರೆ, ಅಲ್ಲಿಗೆ ಮಳೆಗಾಲದ ರಾತ್ರಿಯಲ್ಲಿ ಎಷ್ಟು ನಿಮಿಷ ಅನ್ನುವುದು ಅಸಲು ಲೆಕ್ಕ.

ಪಾರ್ಶ್ವವಾಯು ತಗೊಳ್ಳಿ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಆದರೆ ಕೊಡುವ ಮುಂಚೆ ಸಿಟಿ ಸ್ಕ್ಯಾನ್ ಆಗಲೇಬೇಕು, ಯಾಕಂದರೆ ಒಳಗೆ ರಕ್ತ ಸೋರಿ ಬಂದ ಪಾರ್ಶ್ವವಾಯು ಆಗಿದ್ದರೆ ಅದೇ ಇಂಜೆಕ್ಷನ್ ಪ್ರಾಣ ತೆಗೆಯಬಹುದು. ಸ್ಕ್ಯಾನ್ ಮೆಷಿನ್ ಎಲ್ಲ ತಾಲ್ಲೂಕು ಆಸ್ಪತ್ರೆಯಲ್ಲೂ ಇರುವುದಿಲ್ಲ. ನಮ್ಮ ಕಡೆಯವರಿಗೆ ಪೂರ್ತಿ ವ್ಯವಸ್ಥೆ ಬೇಕು ಅಂದರೆ ಒಂದೋ ಶಿವಮೊಗ್ಗ, ತೀರ್ಥಹಳ್ಳಿಯಿಂದ ಸುಮಾರು 60 ಕಿ.ಮೀ. ಇಲ್ಲ ಮಣಿಪಾಲ, 80 ಕಿ.ಮೀ. ಮೇಲೆ, ಅದೂ ಆಗುಂಬೆ ಘಾಟಿಯ 14 ತಿರುವು ಇಳಿದು. ಈಗ ಲೆಕ್ಕ ಹಾಕಿ. ಏನೋ ಆಗಿದೆ ಅಂತ ಗೊತ್ತಾಗಲು ಇಪ್ಪತ್ತು ನಿಮಿಷ, ಗಾಡಿ ಬರಲು ಮುಕ್ಕಾಲು ಗಂಟೆ, ಪೇಟೆ ಸೇರಲು ಮುಕ್ಕಾಲು ಗಂಟೆ, ಅಲ್ಲಿ ನೋಡಿ 'ಕರ್ಕೊಂಡು ಹೋಗಿ' ಅನ್ನಲು ಅರ್ಧ ಗಂಟೆ, ಮುಂದಿನ ದಾರಿ ಒಂದೂವರೆ ಗಂಟೆ. ಹತ್ತಿರ ಹತ್ತಿರ ನಾಲ್ಕು ಗಂಟೆ ಆಯಿತು, ಎಲ್ಲವೂ ಸರಿಯಾಗಿ ನಡೆದರೆ. ನಿದ್ದೆಯಿಂದ ಏಳುವಾಗಲೇ ಬಾಯಿ ಸೊಟ್ಟಗಾಗಿದ್ದರೆ ಗಡಿಯಾರ ಶುರುವಾಗುವುದು ಎದ್ದ ಹೊತ್ತಿನಿಂದ ಅಲ್ಲ, ಹಿಂದಿನ ರಾತ್ರಿ ಸರಿಯಾಗಿದ್ದದ್ದನ್ನು ಕೊನೆಯ ಸಲ ನೋಡಿದ ಹೊತ್ತಿನಿಂದ.

ಹೃದಯಾಘಾತದ ಲೆಕ್ಕ ಇದಕ್ಕಿಂತ ಸ್ವಲ್ಪ ವಾಸಿ. 2023ರಲ್ಲಿ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ, ಅವರು ಹೌದು ಅಂದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೋಗುವ ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ನಡೆಯುತ್ತಿದೆಯಾ ಅಂತ ಒಂದು ದಿನ ನೀವೇ ಹೋಗಿ ಕೇಳಿ. ಎಕರೆ ರೇಟು ಕೇಳುವ ಮುಂಚೆ ಕೇಳಿ.

ಹಾವಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಉಣುಗಿನ ಬಗ್ಗೆ ಯಾರೂ ಕೇಳುವುದಿಲ್ಲ. ಹಾವು ಕಚ್ಚಿದರೆ ಔಷಧಿ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುತ್ತದೆ, 2024ರಿಂದ ರಾಜ್ಯದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಉಣುಗು ಅಂದರೆ ರಕ್ತ ಹೀರುವ ಸಣ್ಣ ಹುಳ, ಅದು ಬೇರೆ ಕಥೆ. ಮಂಗನ ಕಾಯಿಲೆ ಮನುಷ್ಯರಿಗೆ ಬರುವುದು ಅದು ಕಚ್ಚಿ. ಮಂಗನ ಕಾಯಿಲೆ ಮೊದಲು ಸಿಕ್ಕಿದ್ದು 1957ರಲ್ಲಿ, ನಮ್ಮ ಜಿಲ್ಲೆಯದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಇದರಿಂದ ತತ್ತರಿಸಿತು. ಡಿಸೆಂಬರ್‌ನಿಂದ ಮೇ ತನಕ, ಅಂದರೆ ಪೇಟೆಯವರು 'ಹವೆ ಎಷ್ಟು ಚೆನ್ನಾಗಿದೆ' ಅನ್ನುವ ತಿಂಗಳುಗಳಲ್ಲೇ, ಒಣಗಿದ ತರಗೆಲೆಯಲ್ಲಿ ಎಳ್ಳುಕಾಳಿನಷ್ಟು ಸಣ್ಣ ಉಣುಗು ಇರುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ನೋವು. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು. ಕಾಡಿಗೆ ಹೋಗುವ ಮುಂಚೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳುವುದು, ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ತೋಟದಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡುವುದು. ಊರಿನ ಮಕ್ಕಳಿಗೂ ಇದು ಗೊತ್ತು. ಹೊಸದಾಗಿ ಬಂದು ತರಗೆಲೆ ಮೇಲೆ ಚಾಪೆ ಹಾಸಿ ಕೂತು ಫೋಟೋ ತೆಗೆಯುವವರಿಗೆ ಗೊತ್ತಿಲ್ಲ.

ಇಷ್ಟೆಲ್ಲ ಹೇಳಿದೆ. ಆದರೆ ವಯಸ್ಸಾದವರನ್ನು ಇಲ್ಲಿ ನಿಜವಾಗಿ ಕೆಡವುವುದು ಹಾವೂ ಅಲ್ಲ, ಉಣುಗೂ ಅಲ್ಲ. ಪಾಚಿ.

ಮೂರನೇ ಮೆಟ್ಟಿಲು

ಮಳೆಗಾಲ ಶುರುವಾಗಿ ಮೂರು ವಾರಕ್ಕೆ ಅಂಗಳ, ಕಲ್ಲು, ಮೆಟ್ಟಿಲು ಎಲ್ಲ ಹಸಿರಾಗುತ್ತದೆ. ಅದಕ್ಕೇ ಹಳಬರು ಮೇ ತಿಂಗಳಲ್ಲೇ ಅಡಕೆ ಸೋಗೆ ಕೂಡಿಟ್ಟುಕೊಂಡು ಅಂಗಳದ ಓಡಾಟದ ದಾರಿಗೆ ಹಾಸುತ್ತಾರೆ. ಜಗಲಿಗೆ ಎರಚಲು ಹೊಡೆಯದ ಹಾಗೆ ತಟ್ಟಿ ಕಟ್ಟುತ್ತಾರೆ. ನಾವು ಬಂದ ಮೊದಲ ವರ್ಷ ನನಗೆ ಇದು ಕಣ್ಣಿಗೆ ಚೆನ್ನಾಗಿ ಕಾಣಲಿಲ್ಲ. ಜಂಬಿಟ್ಟಿಗೆ ಮೆಟ್ಟಿಲು ಅಷ್ಟು ಚಂದ ಇರುವಾಗ ಅದರ ಮೇಲೆ ಕಸ ಯಾಕೆ ಅಂದುಕೊಂಡಿದ್ದೆ. ಮೊದಲ ಎರಡು ವರ್ಷ ಏನೂ ಆಗಲಿಲ್ಲ.

ಮೂರನೇ ವರ್ಷ, ಪುನರ್ವಸು ಮಳೆ. ರಾತ್ರಿ ಒಂಬತ್ತೂವರೆ. ಕೊಟ್ಟಿಗೆ ಬಾಗಿಲು ಬಡಿದುಕೊಳ್ಳುತ್ತಿತ್ತು, ಹಾಕಿ ಬರೋಣ ಅಂತ ಇಳಿದೆ. ಮೂರನೇ ಮೆಟ್ಟಿಲಲ್ಲಿ ಕಾಲು ನನ್ನನ್ನು ಬಿಟ್ಟು ಮುಂದೆ ಹೋಯಿತು. ಪಾದ ತಿರುಗಿದ ರೀತಿ ನೋಡಿದ ಮೇಲೆ ಎಕ್ಸ್‌ರೇ ಬೇಕಿರಲಿಲ್ಲ.

ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಕರೆಂಟ್ ಹೋದರೆ ಟವರಿನ ಬ್ಯಾಟರಿ ಇರುವ ತನಕ ಮಾತ್ರ ಸಿಗ್ನಲ್. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತರೆ ಇನ್ನೊಂದು ಕಂಪನಿಯದು ಒಂದು ಕಡ್ಡಿ ಬರುತ್ತದೆ. ನನ್ನ ಹೆಂಡತಿ ಕೊಡೆ ಹಿಡಿದು ಅಲ್ಲಿ ನಿಂತು 108ಕ್ಕೆ ಮಾಡಿದಳು. ಆಂಬುಲೆನ್ಸ್ ಬಂತು. ಆದರೆ ಟಾರು ರಸ್ತೆಗೆ ಬಂತು. ನಮ್ಮ ಮನೆ ಕಡೆಯ ಒಂದೂವರೆ ಕಿಲೋಮೀಟರ್ ಮಣ್ಣುದಾರಿಗೆ ಅಡ್ಡ ಒಂದು ಅಕೇಶಿಯಾ ಮರ ಬಿದ್ದಿತ್ತು. ನನ್ನ ಹೆಂಡತಿಗೆ ಕಾರು ಓಡಿಸಲು ಬರುವುದಿಲ್ಲ. ಬಂದಿದ್ದರೂ ಅವತ್ತು ಉಪಯೋಗ ಇರಲಿಲ್ಲ ಬಿಡಿ.

ಪಕ್ಕದ ಮನೆಯವರೂ ಅವರ ಜೊತೆ ನಾಲ್ಕು ಜನರೂ ಬಂದರು. ಒಬ್ಬರ ಕೈಯಲ್ಲಿ ಮರ ಕೊಯ್ಯುವ ಮೆಷಿನ್. ಮನೆಯ ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಗಳ ಕಟ್ಟಿ ನನ್ನನ್ನು ಕೂರಿಸಿ, ಮೇಲೊಂದು ಗೊಬ್ಬರದ ಚೀಲ ಹೊದಿಸಿ, ಹಳ್ಳದ ಸಂಕ ದಾಟಿಸಿದರು. ಸಂಕ ಅಂದರೆ ಎರಡು ಅಡಕೆ ಮರ ಅಡ್ಡ ಹಾಕಿದ ಸೇತುವೆ. ಕೆಳಗೆ ನೀರು ಕೆಂಪಗೆ ಓಡುತ್ತಿತ್ತು. ಹೊತ್ತವರು ಆ ವರ್ಷದ ಅಡಕೆಯ ಕೊಳೆರೋಗದ ಬಗ್ಗೆ, ಅದಕ್ಕೆ ಬೋರ್ಡೋ ದ್ರಾವಣ ಎರಡನೇ ಸಲ ಹೊಡೆಯಲು ಮಳೆ ಬಿಡುತ್ತಿಲ್ಲ ಅನ್ನುವ ಬಗ್ಗೆ ಮಾತಾಡಿಕೊಂಡು ಹೋಗುತ್ತಿದ್ದರು, ನಾನೊಂದು ಅಡಕೆ ಮೂಟೆ ಅನ್ನುವ ಹಾಗೆ. ಮೊದಲು ಹೋದ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಮೂಳೆ ಡಾಕ್ಟರು ಇರಲಿಲ್ಲ. ಬೆಳಗಿನ ಜಾವ ಎರಡನೇ ಆಸ್ಪತ್ರೆ. ಎರಡು ಸ್ಕ್ರೂ, ಒಂದು ಪ್ಲೇಟು, ಮೂರು ತಿಂಗಳು ಮಂಚ.

ಈಗ ನಮ್ಮ ಅಂಗಳದಲ್ಲಿ ಸೋಗೆ ಹಾಸಿದೆ. ಮೆಟ್ಟಿಲಿಗೆ ಕಬ್ಬಿಣದ ಹಿಡಿಕೆ ಇದೆ. ಚಂದ ಕಾಣುವುದಿಲ್ಲ.

ಕಾಗದ ಪತ್ರ

2020ರ ತನಕ ಕರ್ನಾಟಕದಲ್ಲಿ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ, ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ದಾಟಿದವರೂ ಕೊಳ್ಳುವ ಹಾಗಿರಲಿಲ್ಲ. ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳು ಅಡ್ಡ ಇದ್ದವು. ಆ ವರ್ಷ ಅವನ್ನು ತೆಗೆದರು. ನಾವು ಬಂದಾಗ ಆ ಕಲಂಗಳು ಇನ್ನೂ ಇದ್ದವು, ನಮ್ಮಪ್ಪನ ಕಾಲದ ಚೂರು ಗದ್ದೆ ಇದ್ದದ್ದರಿಂದ ನಮಗೆ ತೊಂದರೆ ಆಗಲಿಲ್ಲ. ಈಗ ಯಾರು ಬೇಕಾದರೂ ಕೊಳ್ಳಬಹುದು. ಅದಕ್ಕೇ ಈಗ ಎಡವುವವರೂ ಜಾಸ್ತಿ.

ಮಲೆನಾಡಿನಲ್ಲಿ ಬೇಲಿ ಹೇಳುವುದು ಒಂದು, ಪಹಣಿ ಹೇಳುವುದು ಇನ್ನೊಂದು. ಮಾರುವವರು ತೋರಿಸುವುದು ಬೇಲಿಯ ಒಳಗಿನ ನಾಲ್ಕು ಎಕರೆ. ಪಹಣಿಯಲ್ಲಿ ಇರುವುದು ಒಂದು ಎಕರೆ 20 ಗುಂಟೆ. ಉಳಿದದ್ದರಲ್ಲಿ ಒಂದಿಷ್ಟು ಬಗರ್‌ಹುಕುಂ, ಅಂದರೆ ಸರ್ಕಾರಿ ಜಾಗದಲ್ಲಿ ಸಾಗುವಳಿ ಮಾಡಿ ಸಕ್ರಮಕ್ಕೆ ಅರ್ಜಿ ಹಾಕಿ ಕಾಯುತ್ತಿರುವುದು. ಇನ್ನೊಂದಿಷ್ಟು ಸೊಪ್ಪಿನಬೆಟ್ಟ. ಬೆಟ್ಟದಲ್ಲಿ ಸೊಪ್ಪು, ದರಗು ತರುವ ಅನುಕೂಲ ತೋಟದ ಜೊತೆ ಬರುತ್ತದೆ, ಒಡೆತನ ಬರುವುದಿಲ್ಲ. ಅಲ್ಲಿ 'ವ್ಯೂ ಚೆನ್ನಾಗಿದೆ' ಅಂತ ಮನೆ ಕಟ್ಟಿದರೆ ಅರಣ್ಯ ಇಲಾಖೆಯವರು ಬರುತ್ತಾರೆ. ಕೊಡಗಿನ ಬಾಣೆ, ದಕ್ಷಿಣ ಕನ್ನಡದ ಕುಮ್ಕಿ ಅಂತ ಒಂದೊಂದು ಕಡೆ ಒಂದೊಂದು ಹೆಸರು. ಹೆಸರು ಕೇಳಿದ ಕೂಡಲೇ ಸ್ಥಳೀಯ ವಕೀಲರನ್ನು ಹಿಡಿಯಿರಿ.

ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಸಾಲವೋ ಹಕ್ಕೋ ಏನಾದರೂ ಬರೆದಿದೆಯಾ ನೋಡಬೇಕು. ಒಂದು ಸರ್ವೆ ನಂಬರಿನ ತುಂಡು ಕೊಳ್ಳುವುದಾದರೆ ಸರ್ವೆ ಇಲಾಖೆಯ 11ಇ ನಕ್ಷೆ ಬೇಕು. ಜಂಟಿ ಖಾತೆ ಆಗಿದ್ದರೆ ಅಮೆರಿಕದಲ್ಲಿರುವ, ಮಾರುವವರ ತಂಗಿಯ ಸಹಿಯೂ ಬೇಕು. ಮತ್ತೆ ಎಲ್ಲಕ್ಕಿಂತ ಮುಖ್ಯ, ಅದು ಯಾವಾಗಲಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಜಮೀನಾ ಅಂತ ಮೂಲದ ತನಕ ಹೋಗಿ ನೋಡಿ. ಆಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ನಡೆದ ಮಾರಾಟ ಊರ್ಜಿತ ಅಲ್ಲ, ಎಷ್ಟು ಕೈ ದಾಟಿ ಬಂದಿದ್ದರೂ. ಬಡವರ ಜಮೀನು ಕೈಬಿಟ್ಟು ಹೋಗದಿರಲಿ ಅಂತ ಮಾಡಿದ ಕಾನೂನು, ಅದರ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಜೀವನದ ಉಳಿತಾಯ ಹಾಕುವವರು ತಿಳಿದು ಹಾಕಬೇಕು.

ಗುಡ್ಡದ ಇಳಿಜಾರನ್ನೂ ಕಾಗದದಷ್ಟೇ ಗಮನ ಕೊಟ್ಟು ನೋಡಿ. ಗುಡ್ಡ ಕುಸಿದ ಊರುಗಳನ್ನು ನೆನಪಿಸಿಕೊಳ್ಳಿ: 2018ರಲ್ಲಿ ಕೊಡಗು, 2021ರಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆ, 2024ರಲ್ಲಿ ಅಂಕೋಲಾದ ಶಿರೂರು. ಮನೆ ಹಿಂದೆ ಗುಡ್ಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು ಸೈಟ್ ಮಾಡಿದ್ದರೆ ಅದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ನನ್ನನ್ನು ಕೇಳಿದರೆ ಮೊದಲ ವರ್ಷ ಏನೂ ಕೊಳ್ಳಬಾರದು. ಊರ ತುಂಬ ಬೀಗ ಹಾಕಿದ ಮನೆಗಳಿವೆ. ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಇಲ್ಲ. 'ದೀಪ ಹಚ್ಚೋರು ಯಾರಾದರೂ ಇದ್ದರೆ ಸಾಕು' ಅನ್ನುವ ಮಾಲೀಕರು ಸಿಗುತ್ತಾರೆ. ಒಂದು ಪೂರ್ತಿ ಮಳೆಗಾಲ ಅಲ್ಲಿ ಇದ್ದು ನೋಡಿ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಈ ನಾಲ್ಕು ಮಳೆ ದಾಟಿದರೆ ಆಮೇಲೆ ಎಕರೆ ರೇಟು ಕೇಳಿ.

ಖರ್ಚು, ತೋಟ, ನೆಂಟರು

ಖರ್ಚು ಕಡಿಮೆ ಆಗುತ್ತದೆ, ಅಂದುಕೊಂಡಷ್ಟಲ್ಲ. ಬಾಡಿಗೆ, ಮೇಂಟೆನೆನ್ಸ್, ಹೋಟೆಲ್ ಇಲ್ಲ. ಬದಲಿಗೆ ಪೆಟ್ರೋಲ್, ಟಾರ್ಪಾಲು, ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುವುದು, ಗೆದ್ದಲು, ಇನ್ವರ್ಟರ್ ಬ್ಯಾಟರಿ. ಸೋಲಾರ್ ಹಾಕಿಸಿದೆವು, ಜುಲೈನಲ್ಲಿ ಸೂರ್ಯನೇ ಇರುವುದಿಲ್ಲ ಅನ್ನುವುದು ಹೊಳೆದಿರಲಿಲ್ಲ. ಫೋನ್‌ನಲ್ಲೇ ದುಡ್ಡು ಕೊಡುವ ಅಭ್ಯಾಸ ಇದ್ದವರು ಮನೆಯಲ್ಲಿ ಐದು ಸಾವಿರ ನೋಟು ಇಟ್ಟುಕೊಳ್ಳಿ. ಬಸ್ ಹೆಚ್ಚಿನವು ಖಾಸಗಿ, ಹಾಗಾಗಿ 2023ರಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಟಿಕೆಟ್ ನಮ್ಮ ದಾರಿಯ ಹೆಂಗಸರಿಗೆ ಸಿಗುವುದು ಅಪರೂಪ.

ತೋಟದಿಂದ ಆದಾಯ ಬರುತ್ತದೆ ಅಂತ ಯಾರಾದರೂ ಹೇಳಿದರೆ ಕೊನೆಗಾರ ಯಾರು ಅಂತ ಕೇಳಿ. ಅಡಕೆ ಮರ ಹತ್ತಿ ಕೊನೆ ಇಳಿಸುವವರು ಒಂದು ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಮಳೆಗಾಲಕ್ಕೆ ಬೋರ್ಡೋ ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸುವುದು ಯಾರಿಗೂ ಬರುತ್ತದೆ, ಮರದ ತುದಿಗೆ ಒಯ್ಯುವವರು ಬೇಕಲ್ಲ. ಅದರ ಮೇಲೆ ಈಗ ಎಲೆಚುಕ್ಕಿ ರೋಗ. ನೆಲದಲ್ಲೇ ನಿಂತು ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಬಂದಿದೆ, 65 ದಾಟಿದವರ ಕುತ್ತಿಗೆಗೆ ಅದು ಹೇಳಿಸಿದ್ದಲ್ಲ. ಬಾಳೆ, ತರಕಾರಿ ಮಂಗನ ಪಾಲು. ನಾವು ಈಗ ತೋಟವನ್ನು ಪಕ್ಕದ ಮನೆಯವರಿಗೇ ಬಿಟ್ಟಿದ್ದೇವೆ, ಮನೆ ಖರ್ಚಿಗೆ ಕಾಯಿ, ಕಾಳುಮೆಣಸು ನಮಗೆ.

ಹೆಂಡತಿಯ ಮಾತು ಬರೆಯದಿದ್ದರೆ ಈ ಬರಹ ಅವಳು ಒಪ್ಪುವುದಿಲ್ಲ. ಈ ಕನಸು ಬಹಳ ಮನೆಗಳಲ್ಲಿ ಗಂಡನದು. ಬೆಂಗಳೂರಿನಲ್ಲಿ ಅವಳಿಗೆ ಬಾಗಿಲಿಗೆ ತರಕಾರಿ ಬರುತ್ತಿತ್ತು, ಕೆಲಸಕ್ಕೆ ಒಬ್ಬರು ಬರುತ್ತಿದ್ದರು, ಸಂಜೆ ಭಜನೆಯ ಗೆಳತಿಯರಿದ್ದರು, ಎಲ್ಲಿಗಾದರೂ ಹೋಗಬೇಕು ಅಂದರೆ ಮೆಟ್ರೋ ಇತ್ತು, ನನ್ನನ್ನು ಕೇಳಬೇಕಿರಲಿಲ್ಲ. ಇಲ್ಲಿ ಪೇಟೆಗೆ ಹೋಗಲು ನಾನು ಕಾರು ತೆಗೆಯಬೇಕು. ಒದ್ದೆ ಕಟ್ಟಿಗೆ, ಬಚ್ಚಲು ಒಲೆ, ಒಣಗದ ಬಟ್ಟೆ. ಮೊದಲ ವರ್ಷ ಬೆಂಗಳೂರಿನಿಂದ ಮನೆ ನೋಡಲು ಬಂದ ನೆಂಟರು 43 ಜನ, ಲೆಕ್ಕ ಇಟ್ಟವಳು ಅವಳೇ. ಎಲ್ಲರೂ ಜಗಲಿಯಲ್ಲಿ ಕೂತು 'ಸ್ವರ್ಗ' ಅಂದರು, ದೋಸೆ ಕೇಳಿದರು. ಎರಡನೇ ಮಳೆಗಾಲದಲ್ಲಿ ಅವಳು ಒಂದು ತಿಂಗಳು ತಂಗಿಯ ಮನೆಗೆ ಹೋದಳು. ವಾಪಸು ಬರುತ್ತಾಳೆ ಅನ್ನುವ ಧೈರ್ಯ ನನಗೆ ಇರಲಿಲ್ಲ. ಬಂದಳು, ಸ್ವಸಹಾಯ ಸಂಘಕ್ಕೆ ಸೇರಿದಳು, ಈಗ ಊರಿನ ಸುದ್ದಿ ನನಗಿಂತ ಮೊದಲು ಅವಳಿಗೆ ಗೊತ್ತು. ಆದರೂ ಜುಲೈ ಬಂದರೆ ಮಾತು ಕಡಿಮೆಯಾಗುತ್ತದೆ. ಜೋಡಿಯಲ್ಲಿ ಒಬ್ಬರಿಗೆ ಮನಸ್ಸಿಲ್ಲದಿದ್ದರೆ ಹೋಗಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಮುಯ್ಯಿ

ಅವತ್ತು ಕುರ್ಚಿ ಹೊತ್ತವರಿಗೆ ಆಮೇಲೆ ದುಡ್ಡು ಕೊಡಲು ಹೋದೆ. ತಪ್ಪು ಮಾಡಿದೆ. ಒಬ್ಬರು ಮುಖ ತಿರುಗಿಸಿದರು. ಪಕ್ಕದ ಮನೆಯವರು, 'ಮುಯ್ಯಿಗೆ ಮುಯ್ಯಿ, ಬಿಡಿ' ಅಂದರು.

ಇಲ್ಲಿ ಹಿಂದಿನಿಂದ ಮುಯ್ಯಾಳು ಅಂತ ಒಂದು ಪದ್ಧತಿ. ನಿಮ್ಮ ಗದ್ದೆ ನೆಟ್ಟಿಗೆ ನಮ್ಮ ಮನೆಯಿಂದ ಇಬ್ಬರು ಬಂದರೆ ನಮ್ಮ ನೆಟ್ಟಿಗೆ ನಿಮ್ಮ ಮನೆಯಿಂದ ಇಬ್ಬರು. ದುಡ್ಡಿನ ಮಾತಿಲ್ಲ. ಗದ್ದೆ ಕಡಿಮೆಯಾದರೂ ಲೆಕ್ಕ ನಿಂತಿಲ್ಲ. ಹೊತ್ತ ಐವರಲ್ಲಿ ಇಬ್ಬರ ಬೆಳೆಸಾಲದ ಕಾಗದ ನಾನು ತುಂಬಿಕೊಟ್ಟಿದ್ದೆ. ಇನ್ನೊಬ್ಬರ ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಮೂರು ಸಲ ಪೇಟೆಗೆ ಹೋಗಿದ್ದೆ. ನನಗೆ ಅದು ಹೊತ್ತು ಹೋಗಲು ಮಾಡಿದ ಕೆಲಸ. ಅವರು ಲೆಕ್ಕ ಇಟ್ಟಿದ್ದರು.

ವಯಸ್ಸಿನ ಲೆಕ್ಕ ಬರುವುದು ಇಲ್ಲೇ. 60ಕ್ಕೆ ಬಂದವರಿಗೆ ಕೊಡಲು ಏನಾದರೂ ಇರುತ್ತದೆ. ಕಾರು ಓಡಿಸಿ ಯಾರದೋ ತಾಯಿಯನ್ನು ಆಸ್ಪತ್ರೆಗೆ ಬಿಡಬಹುದು, ಮಕ್ಕಳಿಗೆ ಗಣಿತ ಹೇಳಿಕೊಡಬಹುದು, ಮದುವೆ ಮನೆಯಲ್ಲಿ ಬಡಿಸಬಹುದು. ಹತ್ತು ವರ್ಷ ಕೊಟ್ಟರೆ ಆಮೇಲೆ ತಗೊಳ್ಳಲು ಮುಖ ಇರುತ್ತದೆ. 72ಕ್ಕೆ ಬಂದವರು ಬಂದ ದಿನದಿಂದಲೇ ತಗೊಳ್ಳಬೇಕು. ಯಾರೂ ಇಲ್ಲ ಅನ್ನುವುದಿಲ್ಲ, ಆದರೆ ಎಷ್ಟು ಸಲ ಕರೆಯುತ್ತೀರಿ? ಸ್ವಂತ ಊರಿಗೆ ವಾಪಸು ಬರುವವರಿಗೆ ಅಪ್ಪನ ಕಾಲದ ಮುಯ್ಯಿ ಒಂದಿಷ್ಟು ಉಳಿದಿರುತ್ತದೆ, ಜೊತೆಗೆ ಹಿಸ್ಸೆಯ ಜಗಳವೂ ಉಳಿದಿರುತ್ತದೆ.

ಹಾಗಾಗಿ 65 ದಾಟಿದವರು ಕೇಳಿದರೆ ನಾನು ಒಂಟಿಮನೆ ಬೇಡ ಅನ್ನುತ್ತೇನೆ. ತೀರ್ಥಹಳ್ಳಿ, ಸಾಗರ, ಶಿರಸಿ, ಪುತ್ತೂರಿನಂಥ ಪೇಟೆಯ ಅಂಚಿನಲ್ಲಿ ಬಾಡಿಗೆ ಮನೆ ನೋಡಿ. ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ದೂರ. ಗುಡ್ಡ ಕಿಟಕಿಯಿಂದ ಕಾಣುತ್ತದೆ, ಔಷಧಿ ಅಂಗಡಿಯೂ ಕಾಣುತ್ತದೆ. ಪೇಟೆ ಸೇರಿದರೆ ಎಲ್ಲವೂ ಸಿಗುತ್ತದೆ ಅಂತಲ್ಲ. ಉತ್ತರ ಕನ್ನಡದವರು ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ ಅಂತ ವರ್ಷಗಟ್ಟಲೆ ಕೇಳುತ್ತಿದ್ದಾರೆ. ಆದರೂ ಪೇಟೆಯಿಂದ ಹೊರಟರೆ ಮೊದಲ ಒಂದೂವರೆ ಗಂಟೆ ಉಳಿಯುತ್ತದೆ.

ಎಲ್ಲಿಗೆ ಹೋದರೂ ವಾಪಸು ಬರುವ ದಾರಿ ಮುಚ್ಚಬೇಡಿ. ಬೆಂಗಳೂರಿನ ಮನೆ ಮಾರಿ ಆ ದುಡ್ಡನ್ನೆಲ್ಲ ಇಲ್ಲಿ ಹಾಕಿದರೆ, ಐದು ವರ್ಷ ಬಿಟ್ಟು ಇಲ್ಲಿಯದನ್ನು ಮಾರಲು ಹೊರಟಾಗ ಕೊಳ್ಳುವವರು ಬೇಗ ಸಿಗುವುದಿಲ್ಲ, ಬೆಂಗಳೂರಿನ ರೇಟು ಅಷ್ಟರಲ್ಲಿ ಕೈಗೆ ಸಿಗದಷ್ಟು ಮೇಲೆ ಹೋಗಿರುತ್ತದೆ. ನಾವು ಆ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟು ಬಂದೆವು. ಬುದ್ಧಿವಂತಿಕೆಯಿಂದಲ್ಲ, ಹೆಂಡತಿ ಮಾರಲು ಬಿಡಲಿಲ್ಲ.

55 ದಾಟಿದ ಮೇಲೆ ಡ್ರೈವಿಂಗ್ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಿಸಬೇಕು, ಡಾಕ್ಟರ ಸರ್ಟಿಫಿಕೇಟ್ ಜೊತೆ. ನನ್ನದು ಇನ್ನೆರಡು ವರ್ಷಕ್ಕೆ ಮುಗಿಯುತ್ತದೆ. ಕಣ್ಣಿನ ಪೊರೆ ಶುರುವಾಗಿದೆ, ರಾತ್ರಿ ಎದುರಿನ ಗಾಡಿಯ ಲೈಟು ಒಡೆದು ಕಾಣುತ್ತದೆ, ಕತ್ತಲಾದ ಮೇಲೆ ಕಾರು ತೆಗೆಯುವುದನ್ನು ಹೋದ ವರ್ಷವೇ ಬಿಟ್ಟೆ. ಹಗಲೂ ಆಗುವುದಿಲ್ಲ ಅನ್ನುವ ದಿನ ಬಂದರೆ ಪೇಟೆಗೆ ಇಳಿಯುವುದು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಇಬ್ಬರಲ್ಲಿ ಒಬ್ಬರೇ ಉಳಿದರೆ ಅವತ್ತೇ ಇಳಿಯುವುದು. ಒಂದು ಹಾಳೆಯಲ್ಲಿ ಬರೆದು ಮಗಳಿಗೂ ಕಳಿಸಿದ್ದೇವೆ, ಆಮೇಲೆ ಹಟ ಮಾಡಬಾರದು ಅಂತ.

ಪಕ್ಕದ ಮನೆಯವರಿಗೆ ಈ ವಿಷಯ ಇನ್ನೂ ಹೇಳಿಲ್ಲ. ನಿನ್ನೆ ಸಂಜೆ ಅವರ ಮಗ ಬಂದಿದ್ದ, ಜಂಟಿ ಖಾತೆ ಬಿಡಿಸುವ ಅರ್ಜಿ ಹಿಡಿದುಕೊಂಡು. ಅಕ್ಷರ ಸಣ್ಣದಿತ್ತು. ದೀಪದ ಕೆಳಗೆ ಕೂತು ಅವನ ಕೈಯಲ್ಲೇ ಓದಿಸಿಕೊಂಡು ತುಂಬಿದೆ.